ತಪ್ಪಿದ ಕಿಡಿ

ಮೋಟಾರಿನ ಎಂಜಿನ್ನು ಸ್ವಸ್ಥವಾಗಿರುವಾಗ ಅದಕ್ಕೊಂದು ತಾಳವಿರುತ್ತದೆ. ಆ ತಾಳ ಕಿವಿಗೆ ಎಷ್ಟು ಒಗ್ಗಿಹೋಗಿರುತ್ತದೆಯೆಂದರೆ, ಅದು ಇದೆಯೆಂಬುದೇ ನಮಗೆ ಮರೆತಿರುತ್ತದೆ. ಏಟೊಂದು ತಪ್ಪಿದಾಗಲೇ ಅದರ ನೆನಪು. ಮದ್ದಳೆಗಾರನ ಬೆರಳು ಒಂದು ಕ್ಷಣ ತಡವರಿಸಿದರೆ, ಬಯಲಾಟದ ಮುಂದೆ ಕುಳಿತು ತೂಕಡಿಸುತ್ತಿದ್ದ ಮುದುಕನೂ ತಲೆಯೆತ್ತಿ ನೋಡುತ್ತಾನೆ. ಹಾಗೆಯೇ ಕಾರಿನ ಹಿಂದಿನ ಸೀಟಿನಲ್ಲಿ ನಿದ್ರೆಹೋಗಿದ್ದವನು ಕಣ್ಣುಬಿಟ್ಟು 'ಏನಾಯಿತು?' ಎಂದು ಕೇಳುತ್ತಾನೆ. ಆದದ್ದು ಇಷ್ಟೇ: ಯಾವುದೋ ಒಂದು ಸಿಲಿಂಡರಿನಲ್ಲಿ, ಹೊತ್ತಿಕೊಳ್ಳಬೇಕಾದ ವೇಳೆಗೆ ಪೆಟ್ರೋಲು ಹೊತ್ತಿಕೊಳ್ಳಲಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ 'ಮಿಸ್ಸಿಂಗ್' ಎಂದು ಹೆಸರು. 'ಗಾಡಿ ಮಿಸ್ಸಿಂಗ್ ಹೊಡೀತಾ ಇದೆ' ಎನ್ನುತ್ತಾರೆ. ಬೀಳದೆ ಹೋದ ಏಟನ್ನೇ ಹೊಡೆತವೆಂದು ಕರೆದ ಈ ಮಾತಿಗೆ ವೈಯಾಕರಣರು ಏನೆನ್ನುವರೋ ಕಾಣೆ.

ಯೋಚಿಸಿ ನೋಡಿದರೆ ಕಿಡಿ ತಪ್ಪುವುದು ಆಶ್ಚರ್ಯವಲ್ಲ. ತಪ್ಪದೆ ನಡೆಯುವುದೇ ಆಶ್ಚರ್ಯ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳಿ. ಬಹುಕಾಲ ಅದರ ಹೊಟ್ಟೆಯಲ್ಲಿದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿಗೆ ಸಿಲಿಂಡರುಗಳು ನಾಲ್ಕು. ಎಂಜಿನ್ನು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತಿನ ಲೆಕ್ಕದಲ್ಲಿ, ಅಂದರೆ ಯಾವ ಅವಸರವೂ ಇಲ್ಲದ ಓಟದಲ್ಲಿ, ನಿಮಿಷಕ್ಕೆ 6000 ಕಿಡಿ, ಸೆಕೆಂಡಿಗೆ 100. ಬ್ಯಾಟರಿಯಿಂದ ಬರುವುದು ಬರೀ 12 ವೋಲ್ಟು. ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯೊಳಗೆ ಕೂಡಿಕೊಂಡಿರುವ ಎರಡು ಪುಟ್ಟ ಲೋಹದ ಮೊನೆಗಳು, ಮೆಕ್ಯಾನಿಕ್ಕುಗಳು 'ಪಾಯಿಂಟು' ಎನ್ನುವವು, ಸುಮಾರು 0.4 ಮಿಲಿಮೀಟರಿನಷ್ಟು ಬಾಯಿ ಬಿಟ್ಟ ಕೂಡಲೆ ಆ ಪ್ರವಾಹ ಕಡಿಯುತ್ತದೆ; ಕಡಿದ ರಭಸಕ್ಕೆ ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳ ಸೆಳೆತ ಎದ್ದು, ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಒಂದೊಂದು ಪ್ಲಗ್ಗಿಗೂ ಹಂಚಿಕೆಯಾಗುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ 1910ರ ಕ್ಯಾಡಿಲಾಕ್ ಕಾರುಗಳಿಗೆ ಅಳವಡಿಸಿದ ಈ ಏರ್ಪಾಡು, ಹೆಚ್ಚು ಬದಲಾಗದೆ ಮುಕ್ಕಾಲು ಶತಮಾನ ಲೋಕದ ರಸ್ತೆಗಳಲ್ಲಿ ಓಡಾಡಿತು.

ರೋಗ ಹಿಡಿಯುವ ಬಗೆಗಳೂ ಹಳೆಯವೇ. ಎಂಜಿನ್ನು ಓಡುತ್ತಿರುವಾಗಲೇ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚುವುದು ಮೊದಲನೆಯದು. ಕಳಚಿದಾಗ ಎಂಜಿನ್ನು ಇನ್ನಷ್ಟು ಕುಂಟಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ಮೈಗಳ್ಳ ಅದೇ. ಪ್ಲಗ್ಗನ್ನು ಬಿಚ್ಚಿ ಅದರ ಮುಖದ ಬಣ್ಣ ನೋಡುವುದುಂಟು: ತಿಳಿ ಕಂದುಬಣ್ಣವಿದ್ದರೆ ಕ್ಷೇಮ, ಒಣ ಮಸಿಯಿದ್ದರೆ ಪೆಟ್ರೋಲು ಅತಿಯಾಗಿದೆ, ಎಣ್ಣೆ ಜಿನುಗಿದ್ದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕತ್ತಲೆಯ ಪರೀಕ್ಷೆ. ಮಳೆಗಾಲದ ಕಗ್ಗತ್ತಲಲ್ಲಿ ದೀಪವಾರಿಸಿ ಬಾನೆಟ್ಟು ತೆರೆದರೆ, ಬಿರುಕುಬಿಟ್ಟ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ, ಹಳೆಯ ತಂತಿಗಳ ಮೈಮೇಲೆ, ನೀಲಿ ಬೆಳಕು ಹುಳುವಿನಂತೆ ಹರಿದಾಡುವುದು ಕಾಣುತ್ತದೆ. ಕಳ್ಳ ತಾನೇ ಪಂಜು ಹಿಡಿದು ನಿಂತ ಹಾಗೆ! ಈಚಿನ ಕಾರುಗಳಿಗೆ ಇದೊಂದೂ ಬೇಡ. ಎಂಜಿನ್ನಿನ ತಿರುಗುವಿಕೆಯಲ್ಲಿ ಎಲ್ಲಿ ತೊಡಕಾಯಿತೆಂದು ಗಣಕವೇ ಗಮನಿಸಿ 'ಪಿ 0301' ಎಂಬಂಥ ಸಂಕೇತವನ್ನು ಬರೆದಿಡುತ್ತದೆ. ಮೊದಲನೆಯ ಸಿಲಿಂಡರಿನಲ್ಲಿ ತಪ್ಪಿದೆಯೆಂದು ಅದರ ಅರ್ಥ. ಎಲ್ಲಿ ತಪ್ಪಿತೆಂಬುದನ್ನು ಅದು ಹೇಳೀತು. ಏಕೆ ಎಂಬುದನ್ನು ಇಂದಿಗೂ ಮನುಷ್ಯನೇ ಹುಡುಕಬೇಕು.

ಈ ಪರೀಕ್ಷೆಗಳಿಗೆಲ್ಲ ಒಂದೇ ಕೊರತೆ. ವೈದ್ಯನೆದುರು ರೋಗ ತಲೆಹಾಕಿದರೆ ತಾನೆ ಚಿಕಿತ್ಸೆ? ಗ್ಯಾರೇಜಿನ ಬಾಗಿಲಿಗೆ ಬಂದೊಡನೆ ಮಾಯವಾಗುವ ಮಿಸ್ಸಿಂಗಿನ ಮುಂದೆ ಎಂಥ ಮೆಕ್ಯಾನಿಕ್ಕಿನ ವಿದ್ಯೆಯೂ ನಿಲ್ಲದು. ಅಂಥದೊಂದನ್ನು ನಾನು 1983ರಲ್ಲಿ ತೀರ್ಥಹಳ್ಳಿಯಲ್ಲಿ ಹತ್ತಿರದಿಂದ ಕಂಡೆ. ಅಲ್ಲಿ ಪಣಕ್ಕೆ ಬಿದ್ದದ್ದು ಕಾರಲ್ಲ, ಒಬ್ಬ ಮನುಷ್ಯನ ಮರ್ಯಾದೆ.

ನಾನಾಗ ಅಲ್ಲಿ ಮೇಷ್ಟರಾಗಿದ್ದೆ. ಊರಿನ ಅಡಿಕೆ ವ್ಯಾಪಾರಿಯೊಬ್ಬರು ಒಂದು ಅಂಬಾಸಡರನ್ನು ಬಾಡಿಗೆಗೆ ಬಿಟ್ಟಿದ್ದರು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿದು ಉಡುಪಿ, ಮಣಿಪಾಲಗಳಿಗೆ ರೋಗಿಗಳನ್ನು ಕರೆದೊಯ್ಯುವುದು, ತುಂಗೆಯ ಪಕ್ಕದ ರಸ್ತೆಯಲ್ಲಿ ಶಿವಮೊಗ್ಗಕ್ಕೆ ಹೋಗಿಬರುವುದು ಅದರ ದಿನಚರಿ. ಚಾಲಕ ನಲವತ್ತು ದಾಟಿದವನು, ಹನ್ನೊಂದು ವರ್ಷದಿಂದ ಆ ಮನೆಯ ಅನ್ನ ತಿಂದವನು. ಆ ವರ್ಷದ ದೀಪಾವಳಿ ಕಳೆದ ಮೇಲೆ ಕಾರು ತೊದಲತೊಡಗಿತು. ಪ್ಲಗ್ಗು ಬದಲಾಯಿಸಿದರು. ಕಾಯಿಲು ಬದಲಾಯಿಸಿದರು. ಪಾಯಿಂಟು, ಕಂಡೆನ್ಸರು ಹೊಸದಾದವು. ಕಾರ್ಬುರೇಟರನ್ನು ಮೂರು ಬಾರಿ ಬಿಚ್ಚಿ ತೊಳೆದರು. ಪ್ರತಿಸಲವೂ ಗ್ಯಾರೇಜಿನ ಅಂಗಳದಲ್ಲಿ ಎಂಜಿನ್ನು ಮುತ್ತಿನಂತೆ ಓಡುವುದು, ಮರುದಿನ ರಸ್ತೆಯಲ್ಲಿ ಮತ್ತೆ ಅದೇ ತೊದಲು. ಖರ್ಚಿನ ಚೀಟಿಗಳು ಮೊಳೆಯಲ್ಲಿ ತುಂಬುತ್ತ ಬಂದವು.

ಕಾರಣ ಸಿಗದಲ್ಲಿ ಅಪರಾಧಿ ಬೇಗ ಸಿಗುತ್ತಾನೆ. ಪೆಟ್ರೋಲು ದುಬಾರಿ, ಪಡಿತರದ ಸೀಮೆಎಣ್ಣೆ ಅಗ್ಗ. ಪೆಟ್ರೋಲನ್ನು ಬಸಿದು ಮಾರಿ, ಆ ಜಾಗಕ್ಕೆ ಸೀಮೆಎಣ್ಣೆ ಹೊಯ್ಯುವ ಚಾಲಕರು ಇದ್ದರೆಂಬುದೂ ಸುಳ್ಳಲ್ಲ. ಯಜಮಾನರ ಕಿವಿಯಲ್ಲಿ ಯಾರು ಊದಿದರೋ, ಒಂದು ಬೆಳಿಗ್ಗೆ ಜಗಲಿಯ ಮೇಲೆ ನಾಲ್ಕು ಜನರೆದುರಿಗೇ ಕೇಳಿಬಿಟ್ಟರು: 'ಟ್ಯಾಂಕಿಗೆ ಏನು ಹಾಕ್ತಿದೀಯ, ಹೇಳು.' ಆತ, 'ಅಯ್ಯಾ, ನನ್ನ ಮಾತು ಸ್ವಲ್ಪ ಕೇಳಿ' ಎಂದನಂತೆ. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ತಿಂಗಳೊಳಗೆ ಗಾಡಿ ಸರಿಯಾಗದಿದ್ದರೆ ಬೇರೆ ಕೆಲಸ ನೋಡಿಕೋ ಎಂದಾಯಿತು. ಟ್ಯಾಂಕನ್ನು ಬರಿದುಮಾಡಿ, ಯಜಮಾನರೇ ನಿಂತು ಹೊಸ ಪೆಟ್ರೋಲು ತುಂಬಿಸಿದರೂ ತೊದಲು ಹೋಗಲಿಲ್ಲ. ಆದರೆ ಸಂಶಯವೂ ಹೋಗಲಿಲ್ಲ. ಅದಕ್ಕೆ ಟ್ಯಾಂಕಿನ ಆಧಾರ ಬೇಕಿರಲಿಲ್ಲ.

ಶಿವಮೊಗ್ಗದ ಒಂದು ಓಣಿಯಲ್ಲಿ ವಯಸ್ಸಾದ ಸಾಬರೊಬ್ಬರು ಚಿಕ್ಕ ಗ್ಯಾರೇಜು ಇಟ್ಟುಕೊಂಡಿದ್ದರು. ಪುಸ್ತಕ ಕೊಳ್ಳಲು ಹೊರಟಿದ್ದ ನಾನು ಅಂದು ಅದೇ ಕಾರಿನಲ್ಲಿದ್ದೆ. ಸಾಬರು ಬಾನೆಟ್ಟಿಗೆ ಕೈ ಹಚ್ಚಲಿಲ್ಲ. ಬೀಡಿ ಹೊತ್ತಿಸಿ, ಚಾಲಕನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದರು:

'ತಮ್ಮಾ, ಇದು ಯಾವಾಗ ಬರ್ತದೆ? ಹತ್ತುವಾಗಲೋ, ಸಮ ರಸ್ತೆಯಲ್ಲೋ?'

'ಅದೇ ನೋಡಿ ಸಾಬ್ರೇ, ಘಾಟಿ ಹತ್ತುವಾಗ ಏನೂ ಇಲ್ಲ. ಐದು ಜನ ಕೂತಿದ್ರೂ ಎಳೀತದೆ. ಮಂಡಗದ್ದೆ ದಾಟಿ, ಗಾಜನೂರಿನ ಹತ್ತಿರ ರಸ್ತೆ ಸಮ ಆಗಿ, ಕಾಲು ಹಗುರ ಮಾಡಿದೆ ಅನ್ನಿ, ಆಗ ಶುರು. ಜೋರಾಗಿ ಒತ್ತಿದ್ರೆ ಮತ್ತೆ ನಿಲ್ತದೆ. ಇದನ್ನ ಯಾರಿಗೆ ಹೇಳಿದ್ರೂ ನಗ್ತಾರೆ.'

ಸಾಬರು ನಗಲಿಲ್ಲ. ಆ ಮಾತಿನಲ್ಲಿ ಅರ್ಧ ಚಿಕಿತ್ಸೆ ಮುಗಿದಿತ್ತೆಂದು ನನಗೆ ತಿಳಿದದ್ದು ಅವರು ಬಿಡಿಸಿ ಹೇಳಿದಾಗ. ಸೀಮೆಎಣ್ಣೆ ಬೆರೆತಿದ್ದರೆ ಏರಿನಲ್ಲಿ ಎಂಜಿನ್ನು ಟಕಟಕನೆ ಬಡಿದುಕೊಂಡು ಸೋಲಬೇಕಿತ್ತು. ಪೆಟ್ರೋಲು ಸಾಲದೆ ಬಂದರೂ ಸೋಲುವುದು ಏರಿನಲ್ಲೇ. ಕಾಯಿಲು, ಪ್ಲಗ್ಗು ದುರ್ಬಲವಾದರೂ ಅಷ್ಟೇ. ಸಿಲಿಂಡರು ತುಂಬಿ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಕಷ್ಟದ ಹಾದಿಯಲ್ಲಿ ದುಡಿದು, ಸುಖದ ಹಾದಿಯಲ್ಲಿ ಮುಗ್ಗರಿಸುವ ಎಂಜಿನ್ನಿನಲ್ಲಿ ಇವೆಲ್ಲವೂ ನಿರಪರಾಧಿಗಳು. ಹಾಗಾದರೆ ಕಾಲು ಹಗುರ ಮಾಡಿದಾಗ ಮಾತ್ರ ಬದಲಾಗುವುದು ಯಾವುದು?

ಅಂಥದು ಒಂದಿದೆ. ಕಾರ್ಬುರೇಟರಿನ ಗಂಟಲಿನಲ್ಲಿ, ಆಕ್ಸಿಲರೇಟರಿಗೆ ತಕ್ಕಂತೆ ತೆರೆದು ಮುಚ್ಚುವ ಒಂದು ಬಿಲ್ಲೆಯುಂಟು. ಅದು ಸ್ವಲ್ಪವೇ ತೆರೆದಿದ್ದಾಗ ಅದರ ಆಚೆ ಎಂಜಿನ್ನಿನ ಹೀರುವಿಕೆ ಬಲವಾಗಿರುತ್ತದೆ. ಬಿಲ್ಲೆಯ ಬಳಿಯಿಂದ ಹೊರಟ ಒಂದು ಸಣ್ಣ ಕೊಳವೆ ಆ ಸೆಳೆತವನ್ನು ಡಿಸ್ಟ್ರಿಬ್ಯೂಟರಿನ ಪಕ್ಕದ ಗುಂಡು ಡಬ್ಬಿಗೆ ಒಯ್ಯುತ್ತದೆ. ಅದರೊಳಗಿನ ಪೊರೆ, ಪಾಯಿಂಟುಗಳು ಕುಳಿತಿರುವ ತಟ್ಟೆಯನ್ನು ಕೆಲವು ಡಿಗ್ರಿಯಷ್ಟು ತಿರುಗಿಸುತ್ತದೆ. ಹಗುರ ಓಟದಲ್ಲಿ ಸಿಲಿಂಡರಿಗೆ ಹೋಗುವ ಮಿಶ್ರಣ ತೆಳುವಾಗಿ ನಿಧಾನವಾಗಿ ಉರಿಯುವುದರಿಂದ, ಕಿಡಿ ತುಸು ಮುಂಚೆ ಬರಲೆಂದು ಈ ವ್ಯವಸ್ಥೆ. ಏರಿನಲ್ಲಿ ಬಿಲ್ಲೆ ಪೂರ್ತಿ ತೆರೆದಾಗ ಸೆಳೆತ ಕುಗ್ಗಿ, ತಟ್ಟೆ ಹಿಂದಕ್ಕೆ ಬರುತ್ತದೆ. ನಿಂತಲ್ಲೇ ಮೆಲ್ಲಗೆ ಓಡುವಾಗ ಕೊಳವೆಯ ಬಾಯಿಗೆ ಸೆಳೆತವೇ ತಗಲುವುದಿಲ್ಲ. ಹಿಂದಿನ ಮೆಕ್ಯಾನಿಕ್ಕುಗಳು ಕಾರನ್ನು ನಿಲ್ಲಿಸಿಕೊಂಡು ಸುಮ್ಮನೆ ಓಡಿಸಿ ಆಲಿಸಿದ್ದರು, ಇಲ್ಲವೆ ಆಕ್ಸಿಲರೇಟರನ್ನು ಒಮ್ಮೆಲೆ ಒತ್ತಿ ಬಿಟ್ಟಿದ್ದರು. ಹಗುರವಾಗಿ ಹಿಡಿದು ಕಾದು ನೋಡಿದವರಿಲ್ಲ.

ಸಾಬರು ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು, ಆ ಕೊಳವೆಯ ತುದಿಯನ್ನು ಕಾರ್ಬುರೇಟರಿನಿಂದ ಕಳಚಿ, ಬಾಯಲ್ಲಿಟ್ಟುಕೊಂಡು ಗುಡುಗುಡಿ ಸೇದುವಂತೆ ಬಲವಾಗಿ ಹೀರಿದರು. ಎಂಜಿನ್ನು ತೊದಲಿತು. ಬಿಟ್ಟರು; ಸರಿಯಾಯಿತು. ಮತ್ತೆ ಹೀರಿದರು, ಮತ್ತೆ ತೊದಲು. ಮೂರನೆಯ ಸಲ ಚಾಲಕನ ಕೈಗೆ ಕೊಳವೆ ಕೊಟ್ಟು 'ನೀನೇ ನೋಡು' ಎಂದರು. ಆತನ ಕೈ ನಡುಗುತ್ತಿತ್ತು.

ಮುಚ್ಚಳ ತೆಗೆದಾಗ ಒಳಗೆ, ಪಾಯಿಂಟಿಗೆ ಕರೆಂಟು ತರುವ ಎರಡು ಅಂಗುಲದ ಮೆದು ತಂತಿ ಕಾಣಿಸಿತು. ಹೊರಗೆ ಬಟ್ಟೆಯ ಹೊದಿಕೆ ಚೊಕ್ಕವಾಗಿಯೇ ಇತ್ತು. ಸಾಬರು ಚಿಮಟದಿಂದ ಜಗ್ಗಿದರೆ ಅದು ಲಾಡಿಯಂತೆ ಹಿಗ್ಗಿತು. ಒಳಗಿನ ತಾಮ್ರದ ಎಳೆಗಳು ಎಂದೋ ತುಂಡಾಗಿದ್ದವು. ತಟ್ಟೆ ತನ್ನ ಸ್ಥಾನದಲ್ಲಿದ್ದಾಗ ತುಂಡುಗಳು ಒಂದನ್ನೊಂದು ಮುಟ್ಟಿಕೊಂಡು ಕೆಲಸ ನಡೆಸುತ್ತಿದ್ದವು. ತಟ್ಟೆ ತಿರುಗಿ ತಂತಿ ಜಗ್ಗಿದೊಡನೆ ಅಗಲುತ್ತಿದ್ದವು. ಪರೀಕ್ಷೆಗೆಂದು ದೀಪ ಹಚ್ಚಿ ನೋಡಿದವರಿಗೆಲ್ಲ ಅದು ಉರಿದು ತೋರಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹೊಸ ತಂತಿಗೆ ಬಿದ್ದದ್ದು ಎರಡೋ ಮೂರೋ ರೂಪಾಯಿ. ಸಾಬರು ಹಳೆಯ ತುಂಡನ್ನು ಕಾಗದದಲ್ಲಿ ಸುತ್ತಿ, 'ಇದನ್ನು ನಿಮ್ಮ ಯಜಮಾನ್ರಿಗೆ ತೋರ್ಸು, ತಮ್ಮಾ. ಜಗ್ಗಿ ನೋಡೋಕೆ ಹೇಳು' ಎಂದರು. ಮರಳುವ ದಾರಿಯಲ್ಲಿ ಗಾಜನೂರು, ಮಂಡಗದ್ದೆ ಕಳೆದರೂ ಎಂಜಿನ್ನು ಒಂದು ಏಟನ್ನೂ ತಪ್ಪಿಸಲಿಲ್ಲ. ಚಾಲಕ ಮಾತಾಡಲಿಲ್ಲ, ರಸ್ತೆ ಸಮವಾದಲ್ಲೆಲ್ಲ ಕಾಲು ಹಗುರ ಮಾಡಿ ಕಿವಿಗೊಡುತ್ತಿದ್ದ.

ಯಜಮಾನರು ಜಗಲಿಯ ಮೇಲೆ ಕುಳಿತು ಆ ತಂತಿಯನ್ನು ಎರಡು ಮೂರು ಬಾರಿ ಜಗ್ಗಿ ನೋಡಿದರು. ಆಮೇಲೆ, 'ನಾಳೆ ಮಣಿಪಾಲಕ್ಕೆ ಐದು ಗಂಟೆಗೇ ಹೊರಡಬೇಕು' ಎಂದರು. ಐದು ಗಂಟೆಗೆ ಸರಿಯಾಗಿ ಕಾರು ಹೊರಟಿತು. ಆತ ಆ ತಿಂಗಳು ಒಂದು ದಿನವೂ ತಪ್ಪಿಸದೆ ದುಡಿದು, ಸಂಬಳ ಎಣಿಸಿಕೊಂಡು, ಕೀಲಿಕೈಯನ್ನು ಅದೇ ಜಗಲಿಯ ಮೇಲಿಟ್ಟು ಹೋದ. ಮುಂದೆ ಹಲವು ವರ್ಷ ಆತ ಆಗುಂಬೆಯ ಮಾರ್ಗದಲ್ಲಿ ಬಸ್ಸು ನಡೆಸುತ್ತಿದ್ದ. ನಾನು ಹತ್ತಿದಾಗಲೆಲ್ಲ ಹಿಂದಿರುಗಿ ನೋಡಿ, 'ಮೇಷ್ಟ್ರೇ, ಇದು ಡೀಸೆಲ್ ಗಾಡಿ, ಇದಕ್ಕೆ ಪ್ಲಗ್ಗೂ ಇಲ್ಲ, ಪಾಯಿಂಟೂ ಇಲ್ಲ' ಎಂದು ನಗುತ್ತಿದ್ದ.