ಮನೆ ಕಟ್ಟಿದಾಗ ಕೊಟ್ಟ ಒಂದು ಪರ್ಸೆಂಟ್

ಚಿಕ್ಕಬಳ್ಳಾಪುರದಲ್ಲಿ ನಾವು ಮನೆ ಕಟ್ಟಿಸಿದಾಗ ಪ್ಲಾನ್ ಅಪ್ರೂವಲ್ ಫೀಸಿನ ಪಟ್ಟಿಯಲ್ಲಿ ‘ಕಾರ್ಮಿಕ ಸೆಸ್’ ಅಂತ ಒಂದು ಸಾಲಿತ್ತು. ಕಟ್ಟಡದ ವೆಚ್ಚದ ಶೇ 1. ನಮ್ಮದು 30 ಲಕ್ಷದ ಅಂದಾಜು, ಹಾಗಾಗಿ 30 ಸಾವಿರ. ಲೋನು, ಮರಳು, ಸಿಮೆಂಟಿನ ತಲೆಬಿಸಿಯಲ್ಲಿ ಅದೇನು ಅಂತ ಕೇಳಲಿಲ್ಲ, ಕಟ್ಟಿ ಬಂದೆ.

ಗೃಹಪ್ರವೇಶಕ್ಕೆ ವಾರ ಇರುವಾಗ ನಮ್ಮ ಗಾರೆ ಮೇಸ್ತ್ರಿ ಜೊತೆ ಟೀ ಕುಡಿಯುತ್ತಾ ಆ ಮಾತು ಬಂತು. ಗೌರಿಬಿದನೂರು ಕಡೆಯವರು, 20 ವರ್ಷದಿಂದ ಇದೇ ಕೆಲಸ.

“ನಿಮ್ಮ ಹತ್ರ ಲೇಬರ್ ಕಾರ್ಡ್ ಇದೆಯಾ ಮೇಸ್ತ್ರಿ?”

“ಎಲ್ಲಿಂದ ಬರಬೇಕಮ್ಮ? ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದೀನಿ ಅಂತ ಬರೆಸ್ಕೊಂಡು ಬಾ ಅಂತಾರೆ. ಒಂದು ವಾರ ಚಿಂತಾಮಣಿ, ಇನ್ನೊಂದು ವಾರ ಶಿಡ್ಲಘಟ್ಟ, ಆಮೇಲೆ ಯಲಹಂಕ. ಯಾವ ಕಂಟ್ರಾಕ್ಟರು ಸೈನ್ ಹಾಕ್ತಾನೆ ಹೇಳಿ?”

2020ರ ಲಾಕ್‌ಡೌನ್‌ನಲ್ಲಿ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಸರ್ಕಾರ 5,000 ರೂಪಾಯಿ ಕೊಟ್ಟಿತಲ್ಲ, ಅದೂ ಅವರಿಗೆ ಸಿಗಲಿಲ್ಲ. ಹೆಂಡತಿಯ ಓಲೆ ಅಡವಿಟ್ಟು ದಿನ ದೂಡಿದರಂತೆ.

ಆ ರಾತ್ರಿ ಫೋನ್ ಹಿಡಿದು ಓದಿದೆ. ಈ ಸೆಸ್ಸು 1996ರ ಕೇಂದ್ರ ಕಾಯ್ದೆಯಿಂದ ಬಂದದ್ದು. ಆ ಕಾಯ್ದೆಯಲ್ಲಿ ಹತ್ತು ಲಕ್ಷದೊಳಗೆ ಸ್ವಂತಕ್ಕೆ ಮನೆ ಕಟ್ಟಿಕೊಳ್ಳುವವರಿಗೆ ವಿನಾಯಿತಿ ಇತ್ತು. ನೀವು ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡಿದ್ದರೆ ಅದರ ಬೆಲೆಯೊಳಗೂ ಇದು ಸೇರಿರುತ್ತೆ. ಕರ್ನಾಟಕದಲ್ಲಿ 2007ರಲ್ಲಿ ಆದ ಕಲ್ಯಾಣ ಮಂಡಳಿಗೆ ಈ ದುಡ್ಡು ಹೋಗಬೇಕು. ಪಿಂಚಣಿ, ಹೆರಿಗೆ, ಮಕ್ಕಳ ಓದು, ಅಪಘಾತ ಪರಿಹಾರ ಅದರಿಂದಲೇ.

ಸಾಮಾನ್ಯವಾಗಿ ಬಜೆಟ್ಟಿನಲ್ಲಿ ಇಲಾಖೆಗೆ ಕೊಟ್ಟ ಹಣ ಮಾರ್ಚ್ 31ಕ್ಕೆ ಖರ್ಚಾಗದಿದ್ದರೆ ಲ್ಯಾಪ್ಸ್. ಮಂಡಳಿಯ ನಿಧಿ ಹಾಗಲ್ಲ, ಮುಂದಿನ ವರ್ಷಕ್ಕೂ ಉಳಿಯುತ್ತೆ. ಪಿಂಚಣಿ ಕೊಡಬೇಕಾದ ನಿಧಿಯಲ್ಲಿ ಉಳಿಕೆ ಇರಲೇಬೇಕು, ತಪ್ಪೇನಿಲ್ಲ. ಆದರೆ ಲ್ಯಾಪ್ಸ್ ಆಗುವ ಭಯ ಇಲ್ಲದಿದ್ದಾಗ ಯಾರಿಗೂ ಅವಸರವೂ ಇರಲ್ಲ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡುವಾಗ ದೇಶದಾದ್ಯಂತ ಸಂಗ್ರಹವಾಗಿದ್ದು ಸುಮಾರು 37,400 ಕೋಟಿ, ಬಳಕೆಯಾಗಿದ್ದು ಸುಮಾರು 9,500 ಕೋಟಿ. ಕೆಲವು ಕಡೆ ಈ ಹಣದಲ್ಲಿ ವಾಷಿಂಗ್ ಮೆಷಿನ್, ಲ್ಯಾಪ್‌ಟಾಪ್ ಕೊಂಡ ಸಂಗತಿಯೂ ಕೋರ್ಟಿನ ಮುಂದೆ ಬಂದಿತ್ತು. (ಹಾಗಾಗಿ ‘ಬೇಗ ಖರ್ಚು ಮಾಡಿ’ ಅಂದರೆ ಸಾಲದು!)

ಇದನ್ನು ನೋಡಿಕೊಳ್ಳುವ ದಾರಿ ಕಾನೂನಿನಲ್ಲೇ ಇದೆ. ಮಂಡಳಿಯ ಲೆಕ್ಕವನ್ನು ಸಿಎಜಿ ಪ್ರತಿವರ್ಷ ಆಡಿಟ್ ಮಾಡಬೇಕು, ಆಡಿಟ್ ವರದಿಯನ್ನೂ ವಾರ್ಷಿಕ ವರದಿಯನ್ನೂ ಸರ್ಕಾರ ವಿಧಾನಮಂಡಲದಲ್ಲಿ ಮಂಡಿಸಬೇಕು. ಮಂಡಿಸಿದ ವರದಿಯನ್ನು ಯಾರಾದರೂ ತೆರೆದು ಓದಬೇಕಲ್ಲ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಅಂತ ನಮ್ಮ ಜಿಲ್ಲೆಯಲ್ಲಿ ಐದು ಕ್ಷೇತ್ರಗಳಿವೆ. ಈ ಶಾಸಕರಲ್ಲಿ ಒಬ್ಬರಾದರೂ ಪ್ರಶ್ನೋತ್ತರದಲ್ಲಿ ಕೇಳಬಹುದು: ನನ್ನ ತಾಲ್ಲೂಕಿನಿಂದ ಬಂದ ಸೆಸ್ ಎಷ್ಟು, ಕಾರ್ಡ್ ಇರುವವರು ಎಷ್ಟು, ಬಾಕಿ ಅರ್ಜಿ ಎಷ್ಟು, 90 ದಿನದ ದಾಖಲೆ ಇಲ್ಲ ಅಂತ ತಿರಸ್ಕಾರವಾದದ್ದೆಷ್ಟು? ಒಟ್ಟು ಮೊತ್ತ ಕೇಳಿದರೆ ಕೋಟಿಗಳ ಲೆಕ್ಕ ಬರುತ್ತೆ, ತಾಲ್ಲೂಕುವಾರು ಕೇಳಿದರೆ ಜನ ಕಾಣ್ತಾರೆ. ನಾನು ಇಷ್ಟನ್ನೇ ಬರೆದು ನಮ್ಮ ಶಾಸಕರ ಕಚೇರಿಗೆ ಕೊಟ್ಟು ಬಂದಿದ್ದೇನೆ.

ಇನ್ನೊಂದು ಕೆಲಸ ನನ್ನ ಕೈಯಲ್ಲೇ ಇತ್ತು. ಮೇಸ್ತ್ರಿ ನಮ್ಮ ಮನೆಯಲ್ಲೇ ನಾಲ್ಕು ತಿಂಗಳು ದುಡಿದಿದ್ದರು. ಮನೆ ಕಟ್ಟಿಸಿದವಳಾಗಿ ನಾನೇ ದಿನಗಳ ಲೆಕ್ಕ ಬರೆದು ಸೈನ್ ಹಾಕಿ ಕೊಟ್ಟೆ. ಅರ್ಜಿ ಹಾಕಿದ್ದಾರೆ. ನೋಂದಣಿಗೆ 60 ವರ್ಷದೊಳಗಿರಬೇಕು, ಅವರಿಗೀಗ 54.