ಫ್ಲ್ಯಾನನ್ ದ್ವೀಪದ ದೀಪಸ್ತಂಭ: ದಾಖಲೆ ಮತ್ತು ಐತಿಹ್ಯ

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಿಂದ ಸುಮಾರು 20 ಮೈಲಿ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ, ಫ್ಲ್ಯಾನನ್ ಎಂಬ ಸಣ್ಣ ದ್ವೀಪಗಳ ಗುಂಪೊಂದಿದೆ. ಅವುಗಳಲ್ಲಿ ದೊಡ್ಡದಾದ ಎಲನ್ ಮೋರ್‌ನಲ್ಲಿ ಪಾಳುಬಿದ್ದ ಪ್ರಾರ್ಥನಾಮಂದಿರವೊಂದುಂಟು. ಲೂಯಿಸಿನವರು ಅಲ್ಲಿ ಕುರಿಗಳನ್ನು ಮೇಯಬಿಡುತ್ತಿದ್ದುದೂ ಉಂಟು. ಆದರೆ ಯಾರೂ ನೆಲೆಸಿರಲಿಲ್ಲ. ಇಂತಹ ಸ್ಥಳದಲ್ಲಿ ಡೇವಿಡ್ ಸ್ಟೀವನ್‌ಸನ್ ಎಂಬ ಎಂಜಿನಿಯರನ ಯೋಜನೆಯಂತೆ 75 ಅಡಿ ಎತ್ತರದ ದೀಪಸ್ತಂಭವನ್ನು ಕಟ್ಟಲಾಯಿತು. 1895ರಲ್ಲಿ ಆರಂಭವಾದ ಕೆಲಸಕ್ಕೆ ನಾಲ್ಕು ವರ್ಷ ಹಿಡಿಯಿತು. ಸಾಮಗ್ರಿಯನ್ನೆಲ್ಲ ದೋಣಿಯಿಂದ ಕಡಿದಾದ ಬಂಡೆಯ ಮೇಲಕ್ಕೆ ಎತ್ತಬೇಕಾಗಿದ್ದುದೇ ಇದಕ್ಕೆ ಒಂದು ಕಾರಣ. 1899ರ ಡಿಸೆಂಬರ್ 7ರಂದು ದೀಪ ಬೆಳಗಿತು.

ಒಂದು ವರ್ಷ ಕಳೆದು ಎಂಟು ದಿನಗಳಾಗುವಷ್ಟರಲ್ಲಿ ಅದು ಆರಿತು. 1900ರ ಡಿಸೆಂಬರ್ 15ರ ರಾತ್ರಿ ಸಮೀಪದಲ್ಲಿ ಸಾಗಿದ ಹಡಗೊಂದಕ್ಕೆ ಬೆಳಕು ಕಾಣಲಿಲ್ಲ. 20ರಂದು ಹೋಗಬೇಕಾಗಿದ್ದ 'ಹೆಸ್ಪರಸ್' ನೌಕೆ ಬಿರುಗಾಳಿಯ ದೆಸೆಯಿಂದ 26ರಂದು ದ್ವೀಪವನ್ನು ಮುಟ್ಟಿತು. ಮೊದಲು ಮೇಲೇರಿದ ಕಾವಲುಗಾರ ಜೋಸೆಫ್ ಮೂರ್‌ಗೆ ಜೇಮ್ಸ್ ಡ್ಯುಕಟ್, ಥಾಮಸ್ ಮಾರ್ಷಲ್, ಡೊನಾಲ್ಡ್ ಮ್ಯಾಕಾರ್ಥರ್ ಈ ಮೂವರಲ್ಲಿ ಒಬ್ಬರೂ ಕಾಣಲಿಲ್ಲ. ಬಾಗಿಲು ಮುಚ್ಚಿತ್ತು, ಒಲೆ ತಣ್ಣಗಾಗಿತ್ತು, ದೀಪಕ್ಕೆ ಎಣ್ಣೆ ತುಂಬಿಸಿತ್ತು.

ಈ ಘಟನೆಯನ್ನು ಬಲ್ಲವರಲ್ಲಿ ಬಹುಮಂದಿ ಅದನ್ನು ಬಲ್ಲುದು ದಾಖಲೆಗಳಿಂದಲ್ಲ. ಅರ್ಧಕ್ಕೆ ಬಿಟ್ಟ ಊಟ, ಉರುಳಿಬಿದ್ದ ಕುರ್ಚಿ ಇವು ವಿಲ್ಫ್ರಿಡ್ ಗಿಬ್ಸನ್ 1912ರಲ್ಲಿ ಪ್ರಕಟಿಸಿದ ಕವಿತೆಯಿಂದ ಜನಪ್ರಿಯವಾದ ಚಿತ್ರಗಳು. ಅಡುಗೆಯ ಪಾತ್ರೆಗಳು ಶುಭ್ರವಾಗಿದ್ದುವೆಂದು, ಆದುದರಿಂದ ಮಧ್ಯಾಹ್ನದ ಊಟವಾದ ಮೇಲೆಯೇ ಅವರು ಹೊರಟಿರಬೇಕೆಂದು ಮೂರ್ ತನ್ನ ಪತ್ರದಲ್ಲಿ ಬರೆದಿದ್ದಾನೆ. ಕವಿಗೆ ಸ್ವಾತಂತ್ರ್ಯವುಂಟು, ಅವನನ್ನು ಸಾಕ್ಷಿಯೆಂದು ಕರೆದವರದು ತಪ್ಪು.

ಇದಕ್ಕಿಂತ ಅನಿಷ್ಟಕರವಾದುದು ಮುಂದೆ ಅಮೆರಿಕದ ಪತ್ರಿಕೆಯೊಂದರ ಮೂಲಕ ಹಬ್ಬಿದ, ಮಾರ್ಷಲನದೆಂದು ಹೇಳಲಾದ ದಿನಚರಿ. ಭಯಂಕರ ಬಿರುಗಾಳಿ, ಮ್ಯಾಕಾರ್ಥರನ ಅಳು, ಎಲ್ಲರ ಪ್ರಾರ್ಥನೆ, ಕೊನೆಗೆ 15ರ ಮಧ್ಯಾಹ್ನ 1 ಗಂಟೆಗೆ ಸಮುದ್ರ ಶಾಂತವಾಯಿತೆಂಬ ಮಾತು ಎಲ್ಲವೂ ಅದರಲ್ಲಿವೆ. ನಿಜವಾದ ದಿನಚರಿಯಾದರೋ 13ಕ್ಕೆ ನಿಲ್ಲುತ್ತದೆ. ಅನಂತರದ ವಿವರಗಳು ಸ್ಲೇಟಿನ ಮೇಲಿದ್ದು, 15ರ ಬೆಳಿಗ್ಗೆ 9 ಗಂಟೆಗೆ ಮುಗಿಯುತ್ತವೆ. ಮೇಲಾಗಿ, ಕಿರಿಯ ಕಾವಲುಗಾರನು ಸರಕಾರಿ ದಿನಚರಿಯಲ್ಲಿ ಜೊತೆಗಾರರ ಕಣ್ಣೀರನ್ನು ಬರೆದಿಡುವನೆಂಬುದು ನಂಬತಕ್ಕ ಮಾತಲ್ಲ. ಹೀಗೆ ಕರ್ತವ್ಯದಲ್ಲಿ ಮಡಿದ ಮೂವರು ಭಯದಿಂದ ಬುದ್ಧಿಗೆಟ್ಟವರೆಂಬ ಅಪಕೀರ್ತಿಗೆ ಗುರಿಯಾದರು.

ಅಧೀಕ್ಷಕ ರಾಬರ್ಟ್ ಮ್ಯೂರ್‌ಹೆಡ್ ಡಿಸೆಂಬರ್ 29ರಂದು ದ್ವೀಪಕ್ಕೆ ಬಂದು ವರದಿ ಸಿದ್ಧಪಡಿಸಿದನು. ಪಶ್ಚಿಮದ ಧಕ್ಕೆಯಲ್ಲಿ ಕಬ್ಬಿಣದ ಕಂಬಿಗಳು ಬಾಗಿದ್ದುವು. ಸಮುದ್ರಮಟ್ಟಕ್ಕಿಂತ 110 ಅಡಿ ಎತ್ತರದಲ್ಲಿದ್ದ ಹಗ್ಗಗಳ ಪೆಟ್ಟಿಗೆ ಕಾಣೆಯಾಗಿ, ಹಗ್ಗಗಳು ಚೆಲ್ಲಾಪಿಲ್ಲಿಯಾಗಿದ್ದುವು. 15ರ ಮಧ್ಯಾಹ್ನ ಪೆಟ್ಟಿಗೆಯನ್ನು ಭದ್ರಪಡಿಸಲು ಇಳಿದವರನ್ನು ಅನಿರೀಕ್ಷಿತವಾದ ಹೆದ್ದೆರೆಯೊಂದು ಸೆಳೆದೊಯ್ದಿತೆಂದು ಅವನ ನಿರ್ಣಯ. ಇದೂ ಅನುಮಾನಪ್ರಮಾಣವೇ, 29ರಂದು ಕಂಡ ಹಾನಿಯೆಲ್ಲ 15ಕ್ಕೆ ಮುಂಚಿನದೆಂದು ಹೇಳಲಾಗದು. ವರದಿಗಾರನು ತಟಸ್ಥನೂ ಅಲ್ಲ: ಅದೇ ತಿಂಗಳ 7ರಂದು ಅವರ ಕೈಕುಲುಕಿ ಬೀಳ್ಕೊಂಡಿದ್ದ ಕೊನೆಯ ವ್ಯಕ್ತಿ ತಾನೆಂದು ಅವನೇ ವಿಷಾದದಿಂದ ಬರೆದಿದ್ದಾನೆ. ಆದರೂ ಕಣ್ಣಾರೆ ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಹೇಳಿರುವುದರಿಂದ ಅವನ ಮಾತಿಗೆ ಬೆಲೆಯಿದೆ.

ಮ್ಯಾಕಾರ್ಥರನ ಮೇಲಂಗಿ ಮಾತ್ರ ಒಳಗೇ ಉಳಿದಿತ್ತು. ಒಬ್ಬನಾದರೂ ದೀಪದ ಬಳಿಯಿರಬೇಕೆಂಬ ನಿಯಮವಿದ್ದರೂ ಅವನು ಚಳಿಗಾಲದಲ್ಲಿ ಬರಿಯ ಒಳಅಂಗಿಯಲ್ಲಿ ಹೊರಗೋಡಿದ್ದನು. ಅಪಾಯದಲ್ಲಿದ್ದ ಜೊತೆಗಾರರ ನೆರವಿಗೆ ಧಾವಿಸಿದನೆಂದು ತಿಳಿಯುವುದೇ ನಮಗೆ ಹೆಚ್ಚು ಸಂಭವನೀಯವಾಗಿ ತೋರುತ್ತದೆ. ಮೂವರ ದೇಹಗಳೂ ದೊರೆಯಲಿಲ್ಲ. 1971ರಲ್ಲಿ ದೀಪವನ್ನು ಸ್ವಯಂಚಾಲಿತವಾಗಿ ಮಾಡಿದ ಮೇಲೆ ಕಾವಲುಗಾರರೂ ಅಲ್ಲಿಂದ ಹಿಂದಿರುಗಿದರು.