ಬೆಳಕನ್ನೇ ಉಟ್ಟು ಕುಣಿದ ಲೋಯಿ ಫುಲ್ಲರ್

1892. ಪ್ಯಾರಿಸ್ಸಿನ ಫೋಲಿ ಬೆರ್ಜೇರ್ ರಂಗಮಂದಿರ. ಕತ್ತಲೆಯ ವೇದಿಕೆಯಲ್ಲಿ ಗಜಗಟ್ಟಲೆ ಬಿಳಿ ರೇಷ್ಮೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಒಮ್ಮೆ ಅದು ಹೂವು, ಇನ್ನೊಮ್ಮೆ ಚಿಟ್ಟೆ. ಅದರ ನಡುವೆ ಕುಣಿಯುತ್ತಿದ್ದವಳು ಅಮೆರಿಕದ ಲೋಯಿ ಫುಲ್ಲರ್ (1862–1928). ನೃತ್ಯವನ್ನು ಕ್ರಮವಾಗಿ ಕಲಿತವಳಲ್ಲ. ಆದರೂ ಪ್ಯಾರಿಸ್ ಬೆರಗಾಯಿತು.

ಈ ಬೆರಗಿನ ಗುಟ್ಟು ಭೌತವಿಜ್ಞಾನದಲ್ಲಿದೆ. ಬಿಳಿ ಬಟ್ಟೆ ಎಲ್ಲ ಬಣ್ಣದ ಬೆಳಕನ್ನೂ ಪ್ರತಿಫಲಿಸುತ್ತದೆ. ಕೆಂಪು ಬೆಳಕು ಬಿದ್ದರೆ ಕೆಂಪು, ನೀಲಿ ಬಿದ್ದರೆ ನೀಲಿ. ವಿದ್ಯುದ್ದೀಪಗಳ ಮುಂದೆ ಬಣ್ಣದ ಗಾಜುಗಳನ್ನು ತಿರುಗಿಸಿದಂತೆ ಅವಳ ಉಡುಪಿನ ಬಣ್ಣವೂ ಬದಲಾಗುತ್ತಿತ್ತು. ಕೈಯಲ್ಲಿ ಹಿಡಿದ ಉದ್ದನೆಯ ಕೋಲುಗಳು ರೇಷ್ಮೆಯನ್ನು ತಲೆಗಿಂತ ಎತ್ತರಕ್ಕೆ ಚಿಮ್ಮಿಸುತ್ತಿದ್ದವು. ‘ಬೆಂಕಿ ನೃತ್ಯ’ದಲ್ಲಿ ಗಾಜಿನ ನೆಲದ ಕೆಳಗಿನಿಂದ ಬೆಳಕು ಹಾಯುತ್ತಿತ್ತು.

ಪ್ಯಾರಿಸ್ಸಿಗೆ ಬರುವ ಮುನ್ನವೇ ಅವಳಿಗೆ ಒಂದು ಪೆಟ್ಟು ಬಿದ್ದಿತ್ತು. ತನ್ನ ನೃತ್ಯವನ್ನು ಇನ್ನೊಬ್ಬಳು ನಕಲು ಮಾಡುತ್ತಿದ್ದಾಳೆಂದು ಅದೇ ವರ್ಷ ನ್ಯೂಯಾರ್ಕ್ ನ್ಯಾಯಾಲಯದ ಮೆಟ್ಟಿಲೇರಿದ್ದಳು. ಈ ನೃತ್ಯದಲ್ಲಿ ಕಥೆಯಿಲ್ಲ, ಪಾತ್ರವಿಲ್ಲ. ಹಾಗಾಗಿ ಹಕ್ಕುಸ್ವಾಮ್ಯವೂ ಇಲ್ಲ ಎಂದಿತು ತೀರ್ಪು. ಫುಲ್ಲರ್ ಕೈಕಟ್ಟಿ ಕೂರಲಿಲ್ಲ. ಕುಣಿತಕ್ಕೆ ಸಿಗದ ರಕ್ಷಣೆಯನ್ನು ಸಲಕರಣೆಗಳಿಗೆ ಪಡೆದಳು. 1894ರಲ್ಲಿ ಅವಳ ಉಡುಪಿಗೆ ಪೇಟೆಂಟ್ ಸಿಕ್ಕಿತು. ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ನೃತ್ಯ ಸಂಯೋಜನೆಯ ಹೆಸರು ಸೇರಿದ್ದು 1976ರಲ್ಲಿ!

1898ರಲ್ಲಿ ಮೇರಿ ಮತ್ತು ಪಿಯರೆ ಕ್ಯೂರಿ ದಂಪತಿ ರೇಡಿಯಂ ಪತ್ತೆ ಮಾಡಿದರು. ಕತ್ತಲಲ್ಲಿ ತಾನೇ ಹೊಳೆಯುವ ವಸ್ತು! ಅದರಿಂದ ಚಿಟ್ಟೆಯ ರೆಕ್ಕೆ ಮಾಡಬಹುದೇ ಎಂದು ಫುಲ್ಲರ್ ಅವರಿಗೆ ಪತ್ರ ಬರೆದಳು. ಟನ್ನುಗಟ್ಟಲೆ ಅದಿರನ್ನು ಸಂಸ್ಕರಿಸಿ 1902ರಲ್ಲಿ ಮೇರಿ ಪಡೆದ ರೇಡಿಯಂ ಲವಣ ಕೇವಲ 0.1 ಗ್ರಾಂ. ಆದರೂ ದಂಪತಿ ಅವಳ ಪತ್ರವನ್ನು ಕಡೆಗಣಿಸಲಿಲ್ಲ. ಅದೇಕೆ ಸಾಧ್ಯವಿಲ್ಲವೆಂದು ವಿವರಿಸಿ ಉತ್ತರ ಬರೆದರು. ಕೃತಜ್ಞತೆಯಿಂದ ಫುಲ್ಲರ್ ದೀಪಗಳೊಡನೆ ಅವರ ಮನೆಗೇ ಹೋಗಿ ಕುಣಿದಳು. ಮುಂದೆ ಕತ್ತಲಲ್ಲಿ ಮಿನುಗುವ ಬೇರೆ ಲವಣಗಳನ್ನು ಉಡುಪಿಗೆ ಬಳಸಿದಳು.

ಆ ಉತ್ತರ ಅವಳನ್ನು ದೊಡ್ಡ ಅಪಾಯದಿಂದ ಪಾರುಮಾಡಿತೆಂದು ಈಗ ನಮಗೆ ಗೊತ್ತು. ರೇಡಿಯಂ ಹೊಳಪಿನ ಹಿಂದಿನ ವಿಕಿರಣ ಮೂಳೆಯನ್ನೂ ರಕ್ತವನ್ನೂ ಕೆಡಿಸುತ್ತದೆ.

ಟಾರ್ಚಿಗೆ ಬಣ್ಣದ ಜಿಲೆಟಿನ್ ಕಾಗದ ಕಟ್ಟಿ, ಕತ್ತಲ ಕೋಣೆಯಲ್ಲಿ ಬಿಳಿ ಕರವಸ್ತ್ರದ ಮೇಲೆ ಬಿಟ್ಟು ನೋಡಿ. ಕೆಂಪು ಕರವಸ್ತ್ರದ ಮೇಲೆ ನೀಲಿ ಬೆಳಕನ್ನೂ ಬಿಡಿ. ಅದೇಕೆ ಕಪ್ಪಾಯಿತು? ಮಗಳು ಕುಣಿಯಬೇಕೋ ವಿಜ್ಞಾನ ಓದಬೇಕೋ ಎಂದು ಚಿಂತಿಸುವ ತಂದೆತಾಯಿಯರೂ ಜೊತೆಗೆ ಕೂತು ನೋಡಲಿ. ಫುಲ್ಲರಳಿಗೆ ಎರಡೂ ಬೇಕಾಗಿದ್ದವು.